ಬಿಲ್ಲೆಯಿತ್ತು, ಪಾಲಿಸಿ ಇರಲಿಲ್ಲ

ಧಾರವಾಡದ ನಮ್ಮ ಮನೆಯ ಹಳೆಯ ಪೆಟ್ಟಿಗೆಯಲ್ಲಿ ತಂದೆಯವರು ಜೋಪಾನವಾಗಿಟ್ಟಿದ್ದ ಒಂದು ಲೋಹದ ಬಿಲ್ಲೆಯಿದೆ. ಸೈಕಲ್ಲಿನ ತೆರಿಗೆ ಕಟ್ಟಿದವರಿಗೆ ಆ ಕಾಲದಲ್ಲಿ ಕೊಡುತ್ತಿದ್ದ ಬಿಲ್ಲೆ ಅದು. ಬಿಲ್ಲೆಯಿಲ್ಲದ ಸೈಕಲ್ಲನ್ನೂ ದೀಪವಿಲ್ಲದೆ ರಾತ್ರಿ ಹೊರಟ ಸವಾರನನ್ನೂ ಹಿಡಿದು ನಿಲ್ಲಿಸುತ್ತಿದ್ದರೆಂದು ತಂದೆಯವರು ಹೇಳುತ್ತಿದ್ದರು. ತೆರಿಗೆಗೂ ದಂಡಕ್ಕೂ ಕಾಣಿಸಿದ ಸೈಕಲ್ಲು ವಿಮೆಯ ಕಾನೂನಿಗೆ ಮಾತ್ರ ಕಾಣಿಸಲಿಲ್ಲ. ಅದು ಏಕೆ ಎಂದು ನಾವು ಯೋಚಿಸತೊಡಗಿದ್ದು ಕಳೆದ ಮಳೆಗಾಲದಲ್ಲಿ.

ಪುಣೆಯಲ್ಲಿ ಕಾಲೇಜಿಗೆ ಹೋಗುವ ನಮ್ಮ ಮಗ ಬ್ಯಾಟರಿ ಸೈಕಲ್ಲಿನಲ್ಲಿ ಹೊರಟಿದ್ದಾಗ ಒದ್ದೆ ರಸ್ತೆಯಲ್ಲಿ ಜಾರಿ, ಹಾಲು ತರಲು ಹೊರಟಿದ್ದ ವೃದ್ಧರೊಬ್ಬರಿಗೆ ಡಿಕ್ಕಿ ಹೊಡೆದನು. ಅವರ ಮಣಿಕಟ್ಟಿನ ಮೂಳೆ ಮುರಿಯಿತು. ಆಸ್ಪತ್ರೆಯ ಖರ್ಚನ್ನು ನಾವು ಭರಿಸಿದೆವು. ಅದು ನಮ್ಮ ಕರ್ತವ್ಯವೇ ಆಗಿತ್ತು. ಆದರೆ ಅವರ ಮಗ ಸೌಜನ್ಯದಿಂದಲೇ ಗಾಡಿಯ ಇನ್ಶೂರೆನ್ಸ್ ಬಗ್ಗೆ ವಿಚಾರಿಸಿದಾಗ, ಇಲ್ಲವೆಂದು ಹೇಳಲು ನಮಗೆ ನಾಚಿಕೆಯಾಯಿತು.

ಬ್ರಿಟನ್ನಿನಲ್ಲಿ 1930ರ ರಸ್ತೆ ಸಂಚಾರ ಕಾಯಿದೆಯು ಮೋಟಾರು ವಾಹನಗಳಿಗೆ ಥರ್ಡ್ ಪಾರ್ಟಿ ವಿಮೆಯನ್ನು ಕಡ್ಡಾಯಗೊಳಿಸಿತು. ಗಾಡಿಯವನು ಬರಿಗೈಯವನಾದರೆ, ಪೆಟ್ಟು ತಿಂದವನಿಗೆ ನ್ಯಾಯಾಲಯದ ತೀರ್ಪಿನಿಂದಲೂ ಪ್ರಯೋಜನವಿಲ್ಲ ಎಂಬುದು ಅದರ ಹಿಂದಿನ ವಿಚಾರ. ನಮ್ಮ 1939ರ ಮೋಟಾರು ವಾಹನ ಕಾಯಿದೆಯೂ ಇದನ್ನೇ ಅನುಸರಿಸಿತು. ಅದರ ವಿಮೆಯ ಅಧ್ಯಾಯ ಜಾರಿಗೆ ಬಂದದ್ದು 1946ರ ಜುಲೈ 1ರಂದು. 1988ರ ಕಾಯಿದೆಯ 146ನೆಯ ಕಲಮಿನಲ್ಲಿ ಈ ನಿಯಮ ಇಂದಿಗೂ ಉಳಿದಿದೆ. ಆದರೆ ಈ ಕಾಯಿದೆಗಳಿಗೆಲ್ಲ ಯಂತ್ರಬಲದಿಂದ ಚಲಿಸುವುದೇ ವಾಹನ. ಕಾಲಿನ ಬಲದಿಂದ ಚಲಿಸುವ ಸೈಕಲ್ಲು ಹೊರಗೇ ಉಳಿಯಿತು. ಹೀಗಾಗಿ ಕಾರು ಸೈಕಲ್ಲಿಗೆ ಬಡಿದರೆ ಸವಾರನಿಗೆ ಕಾರಿನ ವಿಮೆಯಿದೆ, ಅಪಘಾತ ಪರಿಹಾರ ನ್ಯಾಯಮಂಡಳಿಯಿದೆ. ಸೈಕಲ್ಲು ಪಾದಚಾರಿಗೆ ಬಡಿದರೆ ಇವೆರಡೂ ಇಲ್ಲ. ಸಿವಿಲ್ ದಾವೆಯೊಂದೇ ದಾರಿ.

ಬೇರೆ ದಾರಿಯೂ ಇತ್ತು. ಸ್ವಿಟ್ಜರ್ಲೆಂಡಿನಲ್ಲಿ ಸೈಕಲ್ ಸವಾರರು ವರ್ಷಕ್ಕೊಂದು ಚೀಟಿಯನ್ನು ಕೊಂಡು ಸೈಕಲ್ಲಿಗೆ ಅಂಟಿಸಿಕೊಳ್ಳಬೇಕಿತ್ತು. ಅದು ನಮ್ಮ ಬಿಲ್ಲೆಯಂತೆ ಕಂಡರೂ ಅದರೊಳಗೆ ವಿಮೆಯಿತ್ತು. ಸವಾರನಿಂದ ಇತರರಿಗಾದ ಹಾನಿಯನ್ನು ಅದು ತುಂಬಿಕೊಡುತ್ತಿತ್ತು. ಬಹುತೇಕ ಕುಟುಂಬಗಳು ಖಾಸಗಿಯಾಗಿ ಹೊಣೆಗಾರಿಕೆಯ ವಿಮೆಯನ್ನು ಹೊಂದಿದ್ದುದರಿಂದ 2012ರಲ್ಲಿ ಆ ಪದ್ಧತಿಯನ್ನು ಕೈಬಿಟ್ಟರು.

ನಮ್ಮಲ್ಲಿ ಸೈಕಲ್ಲು ಬಡವನ ವಾಹನ, ಗುಮಾಸ್ತನ ವಾಹನ. ಸ್ವಾತಂತ್ರ್ಯಾನಂತರ ಮದರಾಸಿನಲ್ಲಿ 1949ರಲ್ಲಿ ಟಿ.ಐ. ಸೈಕಲ್ಸ್, ಸೋನಿಪತ್‌ನಲ್ಲಿ 1951ರಲ್ಲಿ ಅಟ್ಲಾಸ್, ಲುಧಿಯಾನದಲ್ಲಿ 1956ರಲ್ಲಿ ಹೀರೋ ಕಾರ್ಖಾನೆಗಳು ಹುಟ್ಟಿಕೊಂಡವು. ನಮ್ಮಂಥ ಕೇಂದ್ರ ಸರ್ಕಾರಿ ನೌಕರರಿಗೆ ಸೈಕಲ್ ಕೊಳ್ಳಲು ಮುಂಗಡ ದೊರೆಯುತ್ತಿತ್ತು. ಏಳನೆಯ ವೇತನ ಆಯೋಗದ ಬಳಿಕ 2016ರಲ್ಲಿ ಅದು ರದ್ದಾಯಿತು. 1973ರಲ್ಲಿ 107 ವಿಮಾ ಸಂಸ್ಥೆಗಳು ರಾಷ್ಟ್ರೀಕರಣಗೊಂಡು ನಾಲ್ಕು ಸರ್ಕಾರಿ ಕಂಪನಿಗಳಾದವು. ಅವುಗಳ ಹೌಸ್‌ಹೋಲ್ಡರ್ ಪಾಲಿಸಿಯಲ್ಲಿ ಸೈಕಲ್ಲಿಗೊಂದು ಭಾಗವಿರುತ್ತಿತ್ತು: ಬೆಂಕಿ, ಕಳವು, ಅಪಘಾತಗಳ ಜೊತೆಗೆ ಪರರಿಗಾದ ಹಾನಿಯ ಹೊಣೆಯೂ ಅದರಲ್ಲಿ ಸೇರಿತ್ತು. ಆದರೆ ಅಂಥ ಪಾಲಿಸಿಯನ್ನು ಕೇಳಿ ಮಾಡಿಸಿದ ಸೈಕಲ್ ಸವಾರರೊಬ್ಬರನ್ನೂ ನಮ್ಮ ಬಂಧುಬಳಗದಲ್ಲಿ ನಾವು ಕಂಡಿಲ್ಲ.

ಈಗ ಸೈಕಲ್ಲಿಗೇ ಮೋಟಾರು ಬಂದಿದೆ. ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ, ಮೋಟಾರಿನ ಶಕ್ತಿ 250 ವಾಟ್‌ಗಿಂತಲೂ ಗರಿಷ್ಠ ವೇಗ ಗಂಟೆಗೆ 25 ಕಿ.ಮೀ.ಗಿಂತಲೂ ಕಡಿಮೆಯಿದ್ದು ಉಳಿದ ಷರತ್ತುಗಳನ್ನು ಪೂರೈಸಿದರೆ ಅದು ಮೋಟಾರು ವಾಹನವಲ್ಲ. ನೋಂದಣಿಯಿಲ್ಲ, ಲೈಸೆನ್ಸಿಲ್ಲ, ಕಡ್ಡಾಯ ವಿಮೆಯೂ ಇಲ್ಲ. ಈ ಮಿತಿಯನ್ನು ಮೀರಿದರೆ ಎಲ್ಲವೂ ಬೇಕು. ಆದುದರಿಂದ ವೇಗದ ಮಿತಿಯನ್ನು ಮೆಕ್ಯಾನಿಕ್ಕಿನಿಂದ ತೆಗೆಸಿಕೊಂಡವನು ತನಗರಿವಿಲ್ಲದೆಯೇ ವಿಮೆಯಿಲ್ಲದ ಮೋಟಾರು ವಾಹನದ ಒಡೆಯನಾಗುತ್ತಾನೆ.

ಕಾನೂನು ಆಯ್ಕೆ ಮಾಡದಿದ್ದಲ್ಲಿ ನಾವೇ ಆಯ್ಕೆ ಮಾಡಬೇಕು. ಅಂಗಡಿಯವರು ಮೊದಲು ಹೇಳುವುದು ಕಳವಿನ ವಿಮೆಯನ್ನು. ನಮ್ಮ ಅನುಭವದ ಕ್ರಮ ಬೇರೆ. ಮೊದಲನೆಯದು ಪರರಿಗಾಗುವ ಹಾನಿ: ಪಾಲಿಸಿಯಲ್ಲಿ ಮೂರನೆಯವರ ಹೊಣೆ ಸೇರಿದೆಯೇ, ಎಷ್ಟು ಮೊತ್ತದವರೆಗೆ, ಮನೆಯ ಇತರರು ಸವಾರಿ ಮಾಡಿದರೂ ಅನ್ವಯಿಸುತ್ತದೆಯೇ ಎಂದು ಬರವಣಿಗೆಯಲ್ಲಿ ಕೇಳಬೇಕು. ಎರಡನೆಯದು ಸವಾರನ ದೇಹ: 18ರಿಂದ 70 ವರ್ಷದೊಳಗಿನ ಖಾತೆದಾರರಿಗೆ ಬ್ಯಾಂಕಿನ ಮೂಲಕ ದೊರೆಯುವ ಪ್ರಧಾನಮಂತ್ರಿ ಸುರಕ್ಷಾ ಬೀಮಾ ಯೋಜನೆಗೆ ವರ್ಷಕ್ಕೆ 20 ರೂಪಾಯಿ ಮಾತ್ರ, ಅಪಘಾತದಲ್ಲಿ ಮರಣವಾದರೆ 2 ಲಕ್ಷ ರೂಪಾಯಿ ಬರುತ್ತದೆ. ಆಸ್ಪತ್ರೆಯ ಖರ್ಚನ್ನು ಅದು ಕೊಡುವುದಿಲ್ಲವಾದ್ದರಿಂದ ಆರೋಗ್ಯ ವಿಮೆ ಬೇರೆಯೇ ಇರಬೇಕು. ಸೈಕಲ್ಲಿನ ಸರದಿ ಕೊನೆಯದು. ಬ್ಯಾಟರಿ ಸೇರಿದೆಯೇ, ಸವಕಳಿ ಎಷ್ಟು ಕಳೆಯುತ್ತಾರೆ, ರಸ್ತೆಯಲ್ಲಿ ಬೀಗ ಹಾಕಿ ನಿಲ್ಲಿಸಿದಾಗ ಕಳುವಾದರೆ ಕೊಡುತ್ತಾರೆಯೇ, ಬಿಡಿಭಾಗ ಮಾತ್ರ ಕಳುವಾದರೆ ಏನು ಎಂಬುದನ್ನು ತಿಳಿದುಕೊಳ್ಳಬೇಕು. ಮನೆಯ ವಿಮೆಯಿದೆಯೆಂದು ನೆಮ್ಮದಿಯಿಂದಿರುವುದು ಸಲ್ಲದು. 2021ರಿಂದ ಜಾರಿಯಲ್ಲಿರುವ ಭಾರತ್ ಗೃಹ ರಕ್ಷಾ ಪಾಲಿಸಿಯಲ್ಲಿ ಬೆಂಕಿ, ನೆರೆಯಂಥ ವಿಪತ್ತಿನ ನಂತರದ ಏಳು ದಿನಗಳೊಳಗಿನ ಕಳವಿಗೆ ಮಾತ್ರ ರಕ್ಷಣೆಯಿದೆ. ಬರಿಯ ಕಳವಿಗೆ ಇಲ್ಲ.

ನಾವು ಇದೇ ಕ್ರಮದಲ್ಲಿ ಕಾಗದಪತ್ರ ಮಾಡಿಸಿಕೊಂಡೆವು. ಒಂದು ವರ್ಷದ ಕಂತು ಸೈಕಲ್ಲಿನ ಹೊಸ ಟೈರುಗಳ ಬೆಲೆಗಿಂತ ಹೆಚ್ಚೇನೂ ಆಗಲಿಲ್ಲ. ಆ ವೃದ್ಧರು ಈಗಲೂ ಬೆಳಿಗ್ಗೆ ಹಾಲಿಗೆ ಬರುತ್ತಾರೆ. ಮಗನನ್ನು ಕಂಡರೆ ನಗುತ್ತಾರೆ. ಆದರೆ ಹಾಲಿನ ಚೀಲವನ್ನು ಎಡಗೈಯಲ್ಲಿ ಹಿಡಿದಿರುತ್ತಾರೆ. ಬಲಗೈ ಇನ್ನೂ ಪೂರ್ತಿ ತಿರುಗುವುದಿಲ್ಲ.