ಕಗ್ಗೆರೆಯ ತೋಟದ ಏಕಾಂತ

ಲೌಕಿಕದ ಗಲಭೆಯಿಂದ ಬಿಡುಗಡೆ ಹೊಂದಿ, ನೀರಿನ ಬಳಿಯಲ್ಲಿ, ಮರದ ನೆರಳಿನಲ್ಲಿ, ಮಿತವಾದ ಆಹಾರದಿಂದ ಶಿವಧ್ಯಾನದಲ್ಲಿ ಕಾಲವನ್ನು ಕಳೆಯಬೇಕೆಂಬ ಆಶೆಯು ಮನುಷ್ಯನ ಹೃದಯದಲ್ಲಿ ಎಂದಾದರೊಮ್ಮೆ ಹುಟ್ಟದೆ ಇರುವುದಿಲ್ಲ. ಆದರೆ ಶರಣಧರ್ಮವನ್ನು ಬಲ್ಲವರಿಗೆ ಇಲ್ಲಿ ಒಂದು ಸಂಶಯವು ತಲೆದೋರುವುದು ಸಹಜ. 12ನೆಯ ಶತಮಾನದಲ್ಲಿ ಕಲ್ಯಾಣದ ಶರಣರು ಕಾಯಕವನ್ನೂ ದಾಸೋಹವನ್ನೂ ಧರ್ಮದ ಎರಡು ಕಣ್ಣುಗಳಾಗಿ ಎತ್ತಿಹಿಡಿದರು. ಮನೆಮಾರುಗಳನ್ನು ಬಿಟ್ಟು ಅಡವಿಯನ್ನು ಸೇರಿದ ಮಾತ್ರಕ್ಕೆ ಮುಕ್ತಿಯು ದೊರೆಯುವುದೆಂದು ಅವರು ಹೇಳಲಿಲ್ಲ. ಹಾಗಾದರೆ ಏಕಾಂತವಾಸಕ್ಕೆ ನಮ್ಮ ಪರಂಪರೆಯಲ್ಲಿ ಎಡೆಯುಂಟೇ? ಉಂಟಾದರೆ ಅದರ ಸ್ವರೂಪವೇನು? ಈ ಪ್ರಶ್ನೆಗೆ ತೋಂಟದ ಸಿದ್ಧಲಿಂಗ ಯತಿಗಳ ಚರಿತ್ರೆಯೇ ಉತ್ತರವಾಗಿದೆ.

ಸಿದ್ಧಲಿಂಗ ಯತಿಗಳು ವಿಜಯನಗರದ ಅರಸರ ಕಾಲದಲ್ಲಿ, 15 ಮತ್ತು 16ನೆಯ ಶತಮಾನಗಳ ಸಂಧಿಯಲ್ಲಿ ಬಾಳಿದವರು. ಗೋಸಲ ಚನ್ನಬಸವೇಶ್ವರರು ಅವರ ಗುರುಗಳು. ಗುರುವಿನ ಅನುಗ್ರಹವನ್ನು ಪಡೆದು ದೇಶಸಂಚಾರವನ್ನು ಕೈಕೊಂಡ ಈ ಮಹಾತ್ಮರು ಈಗಿನ ತುಮಕೂರು ಜಿಲ್ಲೆಯ ಕುಣಿಗಲ್ ತಾಲ್ಲೂಕಿನ ಕಗ್ಗೆರೆಗೆ ಬಂದು, ನಾಗಿನಿ ನದಿಯ ತೀರದ ಒಂದು ತೋಟದಲ್ಲಿ ತಪಸ್ಸಿಗೆ ಕುಳಿತರು. ‘ತೋಂಟದ’ ಎಂಬ ವಿಶೇಷಣವು ಅವರ ಹೆಸರಿಗೆ ಸೇರಿದುದು ಇದರಿಂದಲೇ. ಅರಸರು ಕೊಟ್ಟ ಬಿರುದುಗಳಿಂದ ಪ್ರಸಿದ್ಧರಾದವರು ಅನೇಕರುಂಟು. ರೈತನೊಬ್ಬನ ತೋಟದಿಂದ ಹೆಸರನ್ನು ಪಡೆದ ಆಚಾರ್ಯರು ವಿರಳ.

ಆ ತೋಟದ ಕಥೆಯನ್ನು ಪರಂಪರೆಯು ಹೀಗೆ ಹೇಳುತ್ತದೆ. ನಂಬಿಯಣ್ಣನೆಂಬ ಭಕ್ತನು ಯತಿಗಳನ್ನು ತನ್ನ ಮನೆಗೆ ಬಿನ್ನಹ ಮಾಡಿಕೊಂಡು, ಬಳಿಕ ಸಂಸಾರದ ಕೆಲಸಗಳಲ್ಲಿ ಮುಳುಗಿ ಆ ಮಾತನ್ನೇ ಮರೆತುಬಿಟ್ಟನು. ಯತಿಗಳು ಕುಳಿತಲ್ಲಿಯೇ ಶಿವಯೋಗದಲ್ಲಿ ನೆಲೆಗೊಂಡರು. ಬಹುಕಾಲ ಕಳೆದು ಅವರ ಮೈಮೇಲೆ ಹುತ್ತವು ಬೆಳೆಯಿತು. ಹಸುವೊಂದು ದಿನವೂ ಬಂದು ಆ ಹುತ್ತದ ಮೇಲೆ ಹಾಲನ್ನು ಕರೆಯುತ್ತಿದ್ದಿತು. ಅದರಿಂದ ಎಚ್ಚರಗೊಂಡ ಭಕ್ತನು ಪಶ್ಚಾತ್ತಾಪಪಟ್ಟು ಹುತ್ತವನ್ನು ಕರಗಿಸಿ ಗುರುವಿನ ದರ್ಶನವನ್ನು ಪಡೆದನು.

ಚರಿತ್ರಕಾರನು ಹುತ್ತದ ಎತ್ತರವನ್ನು ಅಳೆಯಲು ಹೋಗಬೇಕಾದುದಿಲ್ಲ. ಈ ಕಥೆಯನ್ನು ತಲೆತಲಾಂತರದಿಂದ ಕಾಪಾಡಿಕೊಂಡು ಬಂದ ಜನರು ಅದರಲ್ಲಿ ಏನನ್ನು ಕಂಡರೆಂಬುದೇ ಮುಖ್ಯವಾದುದು. ಅವರು ಗುರುವಿನ ಸ್ಥಿರತೆಯನ್ನು ಮಾತ್ರ ನೆನೆಯಲಿಲ್ಲ. ಭಕ್ತನ ಮರೆವನ್ನೂ ಮುಚ್ಚಿಡದೆ ಹೇಳಿದರು. ಕರೆದವನು ಮರೆತನು, ಮೂಕಪ್ರಾಣಿಯು ಮರೆಯಲಿಲ್ಲ.

ಇಲ್ಲಿ ಇನ್ನೊಂದು ಅಂಶವನ್ನು ವಾಚಕರು ಗಮನಿಸಬೇಕು. ಅಲ್ಲಮಪ್ರಭುಗಳ ಮತ್ತು ಅಕ್ಕಮಹಾದೇವಿಯವರ ಕೊನೆಯ ನೆಲೆಯು ಶ್ರೀಶೈಲದ ಕದಳಿ. ಅದು ಘೋರವಾದ ಅರಣ್ಯ. ಕಗ್ಗೆರೆಯದಾದರೋ ತೋಟ. ಅಡವಿಯು ತಾನಾಗಿ ಬೆಳೆಯುವುದು. ತೋಟವು ಹಾಗೆ ಬೆಳೆಯದು. ಅಗೆಯುವವನ ಗುದ್ದಲಿ, ನೀರೆತ್ತುವ ಏತ, ಪಾತಿ ಕಟ್ಟುವ ಕೈ, ಕಾಯುವ ಕಣ್ಣು ಇವೆಲ್ಲವೂ ಅಲ್ಲಿ ಬೇಕು. ಆದುದರಿಂದ ತೋಟದ ನೆರಳಿನಲ್ಲಿ ಕುಳಿತ ಯೋಗಿಯು ಇನ್ನೊಬ್ಬನ ಕಾಯಕದ ನೆರಳಿನಲ್ಲಿಯೇ ಕುಳಿತಿರುವನು. ಕಾಯಕವು ಏಕಾಂತಕ್ಕೆ ಆಶ್ರಯವನ್ನು ಕೊಟ್ಟಿತು. ಏಕಾಂತವು ಕಾಯಕಕ್ಕೆ ಅರ್ಥವನ್ನು ಕೊಟ್ಟಿತು. ಚಾಮರಸನ ಪ್ರಭುಲಿಂಗಲೀಲೆಯಲ್ಲಿಯೂ ಅಲ್ಲಮಪ್ರಭುವು ತೋಟಿಗನಾದ ಗೊಗ್ಗಯ್ಯನ ಬಳಿಗೆ ಬಂದು, ಹೊರಗಣ ಕೃಷಿಯ ನೆವದಿಂದಲೇ ಒಳಗಣ ಕೃಷಿಯನ್ನು ಬೋಧಿಸುವ ಪ್ರಸಂಗವಿದೆ. ತೋಟವೆಂಬುದು ಶರಣರಿಗೆ ಹೊಸ ಪಾಠಶಾಲೆಯೇನೂ ಆಗಿರಲಿಲ್ಲ.

ಈ ನಿವೃತ್ತಿಯ ಫಲವೇನೆಂಬುದನ್ನು ನೋಡೋಣ. ಸಿದ್ಧಲಿಂಗ ಯತಿಗಳು ‘ಮಹಾಲಿಂಗಗುರು ಶಿವಸಿದ್ಧೇಶ್ವರ ಪ್ರಭುವೇ’ ಎಂಬ ಅಂಕಿತದಿಂದ 701 ವಚನಗಳನ್ನು ರಚಿಸಿದರು. ‘ಷಟ್‌ಸ್ಥಲ ಜ್ಞಾನಸಾರಾಮೃತ’ವೆಂಬ ಆ ಗ್ರಂಥವು ಷಟ್‌ಸ್ಥಲ ಸಿದ್ಧಾಂತವನ್ನು ಕ್ರಮವಾಗಿ ವಿವರಿಸುತ್ತದೆ. ಕಲ್ಯಾಣದ ಶರಣರು ಚದುರಿಹೋದ ಮೇಲೆ ವಚನರಚನೆಯ ಪ್ರವಾಹವು ಬಹಳ ಕ್ಷೀಣವಾಗಿದ್ದಿತು. ಅದು ಪುನಃ ಮೈದುಂಬಿಕೊಂಡುದು ಇವರಿಂದ. ಘನಲಿಂಗಿದೇವ, ಸ್ವತಂತ್ರ ಸಿದ್ಧಲಿಂಗೇಶ್ವರ ಮೊದಲಾದ ವಚನಕಾರರು ಇವರ ಶಿಷ್ಯವರ್ಗದವರು. ಶೂನ್ಯಸಂಪಾದನೆಯನ್ನು ಪರಿಷ್ಕರಿಸಿದ ಗೂಳೂರು ಸಿದ್ಧವೀರಣ್ಣೊಡೆಯರೂ ಇದೇ ಪರಂಪರೆಗೆ ಸೇರಿದವರು. ಅವರ ಆ ಕೃತಿಯನ್ನು ಫ. ಗು. ಹಳಕಟ್ಟಿಯವರು 1930ರಲ್ಲಿ ಮುದ್ರಿಸಿ ಪ್ರಕಟಿಸಿದರು. ಗದಗು ಡಂಬಳಗಳ ತೋಂಟದಾರ್ಯ ಮಠವು ಈ ಯತಿಗಳ ಹೆಸರನ್ನೇ ಧರಿಸಿರುವುದು. ಮೌನದ ಒಂದು ತೋಟದಿಂದ ಹರಿದ ಕಾಲುವೆಯು ಎಷ್ಟು ದೂರದ ಹೊಲಗಳನ್ನು ತೋಯಿಸಿತೆಂಬುದನ್ನು ಇದರಿಂದ ತಿಳಿಯಬಹುದು.

ಯತಿಗಳು ತೋಟದಲ್ಲಿಯೇ ಉಳಿದುಬಿಡಲಿಲ್ಲವೆಂಬುದನ್ನೂ ಮರೆಯಲಾಗದು. ತಪಸ್ಸು ಪೂರೈಸಿದ ಬಳಿಕ ಅವರು ಜನರ ನಡುವೆ ಬಂದು ತತ್ತ್ವವನ್ನು ಬೋಧಿಸಿದರು. ಕಡೆಗೆ ಕಗ್ಗೆರೆಗೆ ಸಮೀಪದ ಎಡೆಯೂರಿನಲ್ಲಿ ನಿರ್ವಿಕಲ್ಪ ಸಮಾಧಿಯನ್ನು ಹೊಂದಿದರು. ಜನರಿಂದ ದೂರ ಸರಿದುದು ಜನರನ್ನು ತೊರೆಯುವುದಕ್ಕಾಗಿ ಅಲ್ಲ. ಅವರಿಗೆ ಕೊಡತಕ್ಕದ್ದನ್ನು ಸಂಪಾದಿಸುವುದಕ್ಕಾಗಿ. ಬರಿಗೈಯಲ್ಲಿ ಹೋಗಿ ಬರಿಗೈಯಲ್ಲಿ ಕುಳಿತಿರುವ ನಿವೃತ್ತಿಯು ಆಲಸ್ಯಕ್ಕೆ ಹತ್ತಿರ. ಬರಿಗೈಯಲ್ಲಿ ಹೋಗಿ ಕೈತುಂಬ ತಂದು ಹಂಚುವ ನಿವೃತ್ತಿಯು ದಾಸೋಹವೇ ಸರಿ.

ಮಠವೊಂದು ಮಹೋತ್ಸವವನ್ನು ಆಚರಿಸುವಾಗ ಕಟ್ಟಿದ ಕಟ್ಟಡಗಳನ್ನೂ, ಉಂಡ ಪಂಕ್ತಿಗಳನ್ನೂ, ಕಲಿತ ಮಕ್ಕಳನ್ನೂ ಎಣಿಸುವುದು ನ್ಯಾಯವಾದುದೇ. ಅದರೊಡನೆ ಇನ್ನೊಂದನ್ನೂ ಕೇಳಿಕೊಳ್ಳಬೇಕು: ನಮ್ಮ ಆವರಣದಲ್ಲಿ ಒಬ್ಬ ಸಾಧಕನು ನಿಶ್ಚಿಂತನಾಗಿ ಕುಳಿತುಕೊಳ್ಳಲು ಒಂದು ಮರದ ನೆರಳು ಉಳಿದಿದೆಯೇ? ಉತ್ಸವದ ಸಡಗರದಲ್ಲಿ ನಾವೂ ಗುರುವನ್ನು ಕರೆದು ಮರೆತ ನಂಬಿಯಣ್ಣನಂತೆ ಆಗಿಲ್ಲವಷ್ಟೆ? ಮರೆತಿದ್ದರೂ ನಿರಾಶೆಗೆ ಕಾರಣವಿಲ್ಲ. ನಂಬಿಯಣ್ಣನು ಕೊನೆಗೆ ತೋಟಕ್ಕೆ ಹಿಂದಿರುಗಿ ಬಂದನು. ಗುರುವು ಅಲ್ಲಿಯೇ ಇದ್ದರು. ಆ ತೋಟದ ದಾರಿಯು ನಮಗೂ ನಮ್ಮ ಮುಂದಿನವರಿಗೂ ಮರೆಯದಿರಲೆಂದು ಶಿವನಲ್ಲಿ ಬೇಡಿಕೊಳ್ಳುವೆವು.