ಬ್ರೂಕ್‌ಲ್ಯಾಂಡ್ಸ್

ಇಂಗ್ಲೆಂಡಿನ ಸರ್ರೆ ಕೌಂಟಿಯ ವೇಬ್ರಿಜ್ ಊರಿನ ಬಳಿ 1907ರಿಂದ 1939ರವರೆಗೆ ನಡೆದ ಮೋಟಾರು ರೇಸ್ ಟ್ರ್ಯಾಕ್. ಅದನ್ನು ಕಟ್ಟುವ ಹೊತ್ತಿಗೆ ಬ್ರಿಟನ್ನಿನ ರಸ್ತೆಗಳಲ್ಲಿ ಗಂಟೆಗೆ 20 ಮೈಲಿಯ ಮಿತಿಯಿತ್ತು. ಕಾರು ತಯಾರಕರಿಗೆ ತಮ್ಮ ಗಾಡಿಯ ವೇಗ ಪರೀಕ್ಷಿಸಲು ಜಾಗವೇ ಇರಲಿಲ್ಲ. ಜಮೀನುದಾರ ಹ್ಯೂ ಲಾಕ್ ಕಿಂಗ್ ತನ್ನ ಸ್ವಂತ ನೆಲದಲ್ಲಿ ಸುಮಾರು ಒಂದೂವರೆ ಲಕ್ಷ ಪೌಂಡ್ ಸುರಿದು ಟ್ರ್ಯಾಕ್ ಕಟ್ಟಿಸಿದ. ಆತನ ಆರೋಗ್ಯ ಕೆಟ್ಟಾಗ ಕೆಲಸ ನಿಲ್ಲದಂತೆ ನೋಡಿಕೊಂಡವಳು ಹೆಂಡತಿ ಎಥೆಲ್. ಬ್ರೂಕ್‌ಲ್ಯಾಂಡ್ಸ್ ಆಕೆಯದೂ ಹೌದು ಎನ್ನದೆ ಈ ಚರಿತ್ರೆ ಪೂರ್ಣವಾಗದು.

ಸುತ್ತಳತೆ 4.43 ಕಿ.ಮೀ., ಅಗಲ ಸುಮಾರು 30 ಮೀಟರ್. ತಿರುವುಗಳ ಹೊರ ಅಂಚು ಸುಮಾರು 9 ಮೀಟರ್ ಎತ್ತರಕ್ಕೆ, ಬಾಣಲೆಯ ಅಂಚಿನಂತೆ ಏರಿತ್ತು. ಅಷ್ಟು ಕಡಿದಾದ ಇಳಿಜಾರಿಗೆ ಡಾಂಬರು ಹಾಸುವುದು ಕಷ್ಟವಾದ್ದರಿಂದ ಕಾಂಕ್ರೀಟ್ ಬಳಸಿದರು. ವರ್ಷ ಕಳೆದಂತೆ ಅದು ಅಲ್ಲಲ್ಲಿ ಕುಸಿದು ಉಬ್ಬುತಗ್ಗಾಯಿತು. ವೇಗದ ಕಾರುಗಳ ನಾಲ್ಕೂ ಚಕ್ರ ನೆಲ ಬಿಟ್ಟು ಹಾರುತ್ತಿದ್ದವು.

1907ರ ಜೂನ್ 17ರಂದು ಟ್ರ್ಯಾಕ್ ತೆರೆಯಿತು. ಹನ್ನೊಂದೇ ದಿನಕ್ಕೆ ಚಾಲಕ ಸೆಲ್ವಿನ್ ಎಡ್ಜ್ ನೇಪಿಯರ್ ಕಾರಿನಲ್ಲಿ, ಕೆಂಪು ಲಾಂದ್ರಗಳ ಬೆಳಕಿನಲ್ಲಿ ರಾತ್ರಿಯನ್ನೂ ಬಿಡದೆ 24 ಗಂಟೆ ಓಡಿಸಿ ಸುಮಾರು 2,545 ಕಿ.ಮೀ. ಕ್ರಮಿಸಿದ. ಸದ್ದಿಗೆ ನಿದ್ದೆಗೆಟ್ಟ ನೆರೆಯವರು ತಕರಾರು ತೆಗೆದದ್ದರಿಂದ ರಾತ್ರಿ ಓಟ ನಿಂತಿತು. 1929ರಲ್ಲಿ 24 ಗಂಟೆಯ ಪಂದ್ಯ ಬೇಕಾದಾಗ ಅದನ್ನು ಹಗಲಿನ ಹನ್ನೆರಡು ಗಂಟೆಗಳ ಎರಡು ಕಂತು ಮಾಡಿ ನಡೆಸಿದರು!

ಮೊದಮೊದಲು ಇಲ್ಲಿನ ಕ್ರಮವೆಲ್ಲ ಕುದುರೆ ರೇಸಿನದು. ಚಾಲಕರು ಜಾಕಿಗಳಂತೆ ಬಣ್ಣಬಣ್ಣದ ರೇಷ್ಮೆ ಅಂಗಿ ತೊಡುತ್ತಿದ್ದರು. 1908ರಲ್ಲಿ ಮಹಿಳೆಯರ ಪಂದ್ಯವನ್ನು ಮ್ಯೂರಿಯಲ್ ಥಾಂಪ್ಸನ್ ಗೆದ್ದಳು. 1913ರ ಫೆಬ್ರವರಿಯಲ್ಲಿ ಪರ್ಸಿ ಲ್ಯಾಂಬರ್ಟ್ ಒಂದೇ ಗಂಟೆಯಲ್ಲಿ ನೂರು ಮೈಲಿ ದಾಟಿದ ಮೊದಲಿಗನಾದ. ಅದೇ ವರ್ಷದ ಅಕ್ಟೋಬರಿನಲ್ಲಿ ಇದೇ ಟ್ರ್ಯಾಕಿನಲ್ಲಿ ಟೈರು ಸಿಡಿದು ಸತ್ತ. ಮೊದಲ ಬ್ರಿಟಿಷ್ ಗ್ರ್ಯಾನ್ ಪ್ರೀ ನಡೆದದ್ದೂ ಇಲ್ಲೇ, 1926ರಲ್ಲಿ. 1935ರಲ್ಲಿ ಜಾನ್ ಕಾಬ್ ನೇಪಿಯರ್-ರೈಲ್ಟನ್ ಕಾರಿನಲ್ಲಿ ಗಂಟೆಗೆ 230.84 ಕಿ.ಮೀ. ಸರಾಸರಿಯಲ್ಲಿ ಒಂದು ಸುತ್ತು ಮುಗಿಸಿದ್ದೇ ಕೊನೆಯವರೆಗೂ ದಾಖಲೆ.

ಟ್ರ್ಯಾಕಿನ ನಡುವಿನ ಬಯಲು ವಿಮಾನಗಳ ತವರಾಗಿತ್ತು. ಹರಿಕೇನ್ ಯುದ್ಧವಿಮಾನ 1935ರಲ್ಲಿ, ವೆಲ್ಲಿಂಗ್ಟನ್ ಬಾಂಬರ್ 1936ರಲ್ಲಿ ಮೊದಲು ಹಾರಿದ್ದು ಇಲ್ಲಿಂದಲೇ. ಕೊನೆಗೆ ಟ್ರ್ಯಾಕನ್ನು ನುಂಗಿದ್ದೂ ವಿಮಾನವೇ. 1939ರ ಆಗಸ್ಟ್ 7ರ ಪಂದ್ಯದ ಬಳಿಕ ಎರಡನೇ ಮಹಾಯುದ್ಧ ಬಂತು. ವಿಮಾನ ಕಾರ್ಖಾನೆಗಳಿಗೆ ದಾರಿ ಮಾಡಲು ಕಾಂಕ್ರೀಟನ್ನು ಒಡೆದರು. 1946ರಲ್ಲಿ ಜಾಗ ವಿಮಾನ ತಯಾರಿಸುವ ವಿಕರ್ಸ್ ಕಂಪನಿಗೆ ಮಾರಾಟವಾಯಿತು. ಉಳಿದ ತಿರುವಿನ ತುಂಡುಗಳ ಪಕ್ಕದ ವಸ್ತುಸಂಗ್ರಹಾಲಯದಲ್ಲಿ ಈಗ ಕಾಬ್‌ನ ಕಾರೂ, 1985ರಲ್ಲಿ ಸ್ಕಾಟ್ಲೆಂಡಿನ ನೆಸ್ ಸರೋವರದ ತಳದಿಂದ ಎತ್ತಿ ತಂದ ವೆಲ್ಲಿಂಗ್ಟನ್ನೂ ಇವೆ.