ಹದಿಮೂರನೆಯ ಹೆದ್ದಾರಿ ಮತ್ತು ಅದರ ಊರುಗಳು

ಕೆನಡಾ ದೇಶದ ಸಸ್ಕಾಚೆವಾನ್ ಪ್ರಾಂತದ ದಕ್ಷಿಣ ಭಾಗವು ಬಹುಮಟ್ಟಿಗೆ ಪ್ರೇರಿ ಎಂದು ಹೆಸರಾದ ಹುಲ್ಲಿನ ಬಯಲು. ಮರ ವಿರಳ, ಮಳೆ ಕಡಮೆ, ಚಳಿಗಾಲ ದೀರ್ಘ. ಈ ಬಯಲನ್ನು ಮ್ಯಾನಿಟೋಬಾದ ಗಡಿಯಿಂದ ಆಲ್ಬರ್ಟಾದ ಗಡಿಯವರೆಗೆ ದಾಟುವ ದಾರಿಗಳಲ್ಲಿ 13ನೆಯ ಹೆದ್ದಾರಿಯೂ ಒಂದು. ಹೋಗುವ ಬಂಡಿಗೊಂದು ಸಾಲು, ಬರುವ ಬಂಡಿಗೊಂದು ಸಾಲು. ಇಷ್ಟೇ ಅದರ ಅಗಲ. ವೇಬರ್ನ್, ಅಸಿನಿಬೋಯ, ಶಾನವನ್, ಈಸ್ಟೆಂಡ್ ಮೊದಲಾದ ಊರುಗಳನ್ನು ಅದು ಪೋಣಿಸುತ್ತ ಸಾಗುವುದು. ಮಹಾಯುದ್ಧಗಳಿಂದ ಹೆಸರಾದ ದಾರಿ ಇದಲ್ಲ. ಆದರೂ ಊರುಗಳು ಏತರಿಂದ ಹುಟ್ಟುವುವು, ಏತರಿಂದ ಅಳಿಯುವುವು ಎಂಬ ಪ್ರಶ್ನೆಗೆ ಇದರಷ್ಟು ಸ್ಪಷ್ಟವಾಗಿ ಉತ್ತರ ಕೊಡುವ ದಾರಿಗಳು ಹೆಚ್ಚಿಲ್ಲ.

ಈ ಹೆದ್ದಾರಿಗೆ ‘ರೆಡ್ ಕೋಟ್ ಟ್ರೇಲ್’, ಎಂದರೆ ಕೆಂಪಂಗಿಯವರ ಹಾದಿ, ಎಂಬ ಹೆಸರೂ ಉಂಟು. 1874ನೆಯ ಜುಲೈ ತಿಂಗಳಿನಲ್ಲಿ ಸುಮಾರು 275 ಮಂದಿಯ ಕುದುರೆ ಪೊಲೀಸರ ದಂಡು ಮದ್ಯದ ಕಳ್ಳವ್ಯಾಪಾರವನ್ನಡಗಿಸಲು ಮ್ಯಾನಿಟೋಬಾದಿಂದ ಪಶ್ಚಿಮಕ್ಕೆ ಹೊರಟಿತು. ಅದು ನಡೆದ ಜಾಡಿನ ಸಮೀಪದಲ್ಲಿ ಇಂದಿನ ದಾರಿಯಿದೆ. ಆದರೆ ಆ ನೆಲ ಅಂದು ನಿರ್ಜನವಾಗಿರಲಿಲ್ಲ. ಕ್ರೀ, ಅಸಿನಿಬೋಯಿನ್ ಮೊದಲಾದ ಜನಾಂಗಗಳು ಕಾಡುಕೋಣಗಳ ಹಿಂಡುಗಳನ್ನು ನೆಚ್ಚಿ ಅಲ್ಲಿ ಬಾಳುತ್ತಿದ್ದುವು. ಅದೇ ವರ್ಷದ ಸೆಪ್ಟೆಂಬರಿನಲ್ಲಿ 4ನೆಯ ಒಡಂಬಡಿಕೆಯಾಯಿತು. ಕೆಲವೇ ವರ್ಷಗಳಲ್ಲಿ ಕಾಡುಕೋಣಗಳು ನಾಶವಾದುವು. ಹಸಿವಿಗೆ ಸಿಕ್ಕಿದ ಜನರಿಗೆ ಕೊಡಬೇಕಾದ ಪಡಿಯನ್ನು ತಡೆಹಿಡಿದು, ಸರಕಾರವು ಅವರನ್ನು ಸೈಪ್ರೆಸ್ ಬೆಟ್ಟಗಳಿಂದ ದೂರಕ್ಕೆ ಸಾಗಹಾಕಿತು. ಹೊಸ ಒಕ್ಕಲುಗಳಿಗೆ ನೆಲ ತೆರವಾದ ಬಗೆ ಹೀಗೆ.

ಆ ನೆಲವನ್ನು ಮೋಜಣಿದಾರರು ಚದುರಂಗದ ಮನೆಗಳಂತೆ ಗೆರೆಯೆಳೆದು ಹಂಚಿದರು. ಆರು ಮೈಲಿ ಉದ್ದ, ಆರು ಮೈಲಿ ಅಗಲದ ಪ್ರತಿಯೊಂದು ಚೌಕವನ್ನೂ 36 ಭಾಗ ಮಾಡಿ, ಭಾಗಗಳ ನಡುವೆ ಅಲ್ಲಲ್ಲಿ ದಾರಿಗೆಂದು ನೆಲ ಬಿಟ್ಟರು. ಬಂಡಿಯಿಲ್ಲ, ಊರಿಲ್ಲ, ಆದರೂ ದಾರಿಯ ಸ್ಥಳ ಮಾತ್ರ ಗೊತ್ತಾಗಿತ್ತು! 1872ರ ಕಾನೂನಿನಂತೆ ಹತ್ತು ಡಾಲರು ಕಟ್ಟಿ, ಮೂರು ವರ್ಷ ಅಲ್ಲಿಯೇ ವಾಸಮಾಡಿ ಉತ್ತವನಿಗೆ 160 ಎಕರೆ ದೊರೆಯುತ್ತಿದ್ದಿತು.

ಊರುಗಳನ್ನು ಕಟ್ಟಿದುದಾದರೋ ರೈಲುದಾರಿ. ಒಕ್ಕಲಿಗನು ಗೋದಿಯನ್ನು ಕುದುರೆಬಂಡಿಯಲ್ಲಿ ಹೇರಿಕೊಂಡು ಬಂದು, ಇಳಿಸಿ, ಕತ್ತಲಾಗುವುದರೊಳಗೆ ಮನೆ ಸೇರಬೇಕು. ಆದುದರಿಂದ ಸುಮಾರು ಏಳರಿಂದ ಹತ್ತು ಮೈಲಿಗೊಂದರಂತೆ, ಎಂದರೆ ಎರಡು ಮೂರು ಹರದಾರಿಗೊಂದು ನಿಲ್ದಾಣ; ಅದರ ಪಕ್ಕದಲ್ಲಿ ‘ಎಲಿವೇಟರ್’ ಎಂದು ಕರೆಯುವ ಎತ್ತರವಾದ ಮರದ ಕಣಜ; ಕಣಜದ ನೆರಳಿನಲ್ಲಿ ಅಂಗಡಿ, ಅಂಚೆಮನೆ, ಶಾಲೆ, ಇಗರ್ಜಿ. ಶಾನವನ್ ಪಟ್ಟಣವು 1913ರಲ್ಲಿ ರೈಲಿನೊಡನೆಯೇ ಹುಟ್ಟಿತು. ಹೀಗೆ ಆ ಊರುಗಳ ನಡುವಣ ಅಂತರವನ್ನು ನಿರ್ಣಯಿಸಿದುದು ಕುದುರೆಯ ಒಂದು ದಿನದ ಶಕ್ತಿ. 1930ರ ದಶಕದಲ್ಲಿ ಇಂತಹ ಕಣಜಗಳು ಈ ಪ್ರಾಂತವೊಂದರಲ್ಲಿಯೇ 3,000ಕ್ಕೂ ಹೆಚ್ಚಾಗಿದ್ದುವು.

ಅದೇ ದಶಕದಲ್ಲಿ ಬರಗಾಲ ಬಂದೊದಗಿತು. ಈ ಸೀಮೆಯ ಬಹುಭಾಗವು ಬೇಸಾಯಕ್ಕೆ ತಕ್ಕುದಲ್ಲವೆಂದು 1857ರಿಂದ 1860ರವರೆಗೆ ಇಲ್ಲಿ ಸಂಚರಿಸಿದ ಪ್ಯಾಲಿಸರನು ಎಚ್ಚರಿಸಿದ್ದನು. ಆ ಮಾತು ಮರೆತುಹೋಗಿದ್ದಿತು. ಉತ್ತ ಮಣ್ಣು ಗಾಳಿಗೆ ಹಾರಿತು. ಗೋದಿಯ ಬೆಲೆ ಬಿದ್ದಿತು. ಎಣ್ಣೆಗೆ ಹಣವಿಲ್ಲದ ಒಕ್ಕಲಿಗರು ತಮ್ಮ ಮೋಟಾರು ಗಾಡಿಗಳ ಯಂತ್ರವನ್ನು ಕಳಚಿಟ್ಟು, ಅವಕ್ಕೆ ಕುದುರೆ ಕಟ್ಟಿ ಎಳೆಸಿದರು. ಆಗಿನ ಪ್ರಧಾನಿಯ ಹೆಸರಿನಿಂದ ಜನರು ಅದನ್ನು ‘ಬೆನೆಟ್ ಬಗ್ಗಿ’ ಎಂದು ಕರೆದರು. ನಗೆಯೊಳಗೆ ಅಳಲನ್ನು ಅಡಗಿಸಿದ ಹೆಸರದು.

ಎರಡನೆಯ ಮಹಾಯುದ್ಧವಾದ ಮೇಲೆ ಮಳೆಬೆಳೆಗಳು ಸುಧಾರಿಸಿದುವು, ದಾರಿಗಳೂ ಸುಧಾರಿಸಿದುವು. ಆಗ ಯಾರೂ ಎಣಿಸದ ಫಲವೊಂದು ತೋರಿತು. ಲಾರಿಗೆ ಹತ್ತು ಮೈಲಿ ಒಂದು ದೂರವಲ್ಲ. ಹತ್ತಿರದ ಅಂಗಡಿಯನ್ನು ಬಿಟ್ಟು ಜನರು ದೂರದ ಪೇಟೆಗೆ ಹೋದರು. ಶಾಲೆಗಳು ಮುಚ್ಚಿದುವು, ಹೊಲಗಳು ದೊಡ್ಡವಾದುವು, ಮನೆಗಳು ಕಡಮೆಯಾದುವು. ಊರಿಗೆ ನೆರವಾಗಲೆಂದು ಬಂದ ದಾರಿಯು ಊರಿನವರನ್ನೇ ಹೊರಕ್ಕೆ ಕರೆದೊಯ್ದಿತು. ಗೋವನ್‌ಲಾಕ್ 1976ರಲ್ಲಿಯೂ ರಾಬ್‌ಸಾರ್ಟ್ 2002ರಲ್ಲಿಯೂ ಗ್ರಾಮವೆಂಬ ಅಧಿಕೃತ ಸ್ಥಾನವನ್ನು ಕಳೆದುಕೊಂಡುವು.

ದಾರಿಯೂ ಇದರಿಂದ ಸುಖಪಡಲಿಲ್ಲ. 1897ರ ಒಪ್ಪಂದದಿಂದ ಮೊದಲುಗೊಂಡು ಧಾನ್ಯದ ರೈಲು ಬಾಡಿಗೆಯು ಕಾನೂನಿನ ಕಟ್ಟಿಗೆ ಒಳಪಟ್ಟು ಅಗ್ಗವಾಗಿದ್ದಿತು. 1983ರಲ್ಲಿ ಆ ದರವು ಹೋಗಿ, ಅದರ ಸ್ಥಾನದಲ್ಲಿ ಬಂದ ಸಹಾಯಧನವೂ 1995ರಲ್ಲಿ ನಿಂತಿತು. ಕವಲು ರೈಲುದಾರಿಗಳು ಕಿತ್ತುಹೋದುವು. ಮರದ ಕಣಜಗಳು ಒಂದೊಂದಾಗಿ ಉರುಳಿದುವು. ಧಾನ್ಯವೆಲ್ಲ ದೂರದ ಕಾಂಕ್ರೀಟಿನ ದೊಡ್ಡ ಕಣಜಗಳಿಗೆ ಲಾರಿಯಲ್ಲಿ ಹರಿಯಿತು. ಆ ಭಾರವನ್ನು ತಾಳಲಾರದೆ ಪ್ರಾಂತದ ತೆಳುಡಾಂಬರಿನ ದಾರಿಗಳು ಒಡೆದುವು. ಕೆಲವು ಮತ್ತೆ ಜಲ್ಲಿಯ ದಾರಿಗಳಾದುವು.

ಆದರೂ ಅಲ್ಲಿಯ ಜನರು ಕೈಕಟ್ಟಿ ಕುಳಿತಿರಲಿಲ್ಲ. ಶಾನವನ್ ಕೇಂದ್ರವಾಗಿರುವ ಗ್ರೇಟ್ ವೆಸ್ಟರ್ನ್ ಎಂಬ ಕಿರಿಯ ರೈಲು ಸಂಸ್ಥೆಯನ್ನು 2004ರಲ್ಲಿ ಆ ಸೀಮೆಯ ಒಕ್ಕಲಿಗರೂ ಸ್ಥಳೀಯ ಸಂಸ್ಥೆಗಳೂ ಸೇರಿ ಕೊಂಡುಕೊಂಡರು. ತಾತಂದಿರ ಕಾಲದಲ್ಲಿ ದೂರದ ಕಂಪನಿಯು ಹಾಕಿದ ಹಳಿಗಳಿಗೆ ಮೊಮ್ಮಕ್ಕಳು ಒಡೆಯರಾದರು. ದಾರಿಯೊಂದೇ ಊರನ್ನು ಉಳಿಸಲಾರದು. ದಾರಿಯ ಲಾಭನಷ್ಟಗಳನ್ನು ನಿರ್ಣಯಿಸುವ ಅಧಿಕಾರವು ಊರಿನವರ ಕೈಯಲ್ಲಿರಬೇಕು. ಹದಿಮೂರನೆಯ ಹೆದ್ದಾರಿಯ ಚರಿತ್ರೆಯಿಂದ ತಿಳಿದುಬರುವುದು ಇದೇ.